ಅದು ಆರು?

ಮೊದಲಿಗೇ ಒಂದು ವಿನಂತಿ. ಈ ಬರಹದಲ್ಲಿ ನನ್ನ ಅಜ್ಜಿ ‘ಹೇಳಿತು’, ‘ಕೇಳಿತು’, ‘ಕೂತಿತ್ತು’ ಎಂದೇ ಬರುತ್ತದೆ. ಅದನ್ನು ‘ಹೇಳಿದರು’ ಎಂದು ತಿದ್ದಬೇಡಿ. ಮೈಸೂರಿನ ಪದವಿಪೂರ್ವ ಕಾಲೇಜೊಂದರಲ್ಲಿ 31 ವರ್ಷ ಕನ್ನಡ ಪಾಠ ಹೇಳಿದವಳು ನಾನು. ಲಿಂಗ ತಪ್ಪಿದ ವಾಕ್ಯಗಳಿಗೆ ನಾನು ಎಳೆದ ಕೆಂಪುಗೆರೆಗಳನ್ನು ಒಂದಕ್ಕೊಂದು ಜೋಡಿಸಿದರೆ ಮೈಸೂರಿಂದ ವಿಟ್ಲಕ್ಕೆ ದಾರಿಯಾದೀತು. ಗೊತ್ತಿಲ್ಲದೆ ಬರೆಯುತ್ತಿಲ್ಲ. ಅಜ್ಜಿ ‘ಹೇಳಿದರು’ ಎಂದ ಕೂಡಲೇ ಅದು ಬೇರೆ ಯಾರದೋ ಮನೆಯ ಅಜ್ಜಿಯಾಗಿಬಿಡುತ್ತದೆ, ಅಷ್ಟೆ.

1968ರ ಮಾಘಮಾಸ. ನನಗೆ ಹನ್ನೊಂದು ವರ್ಷ. ವಿಟ್ಲ ಸೀಮೆಯ ನಮ್ಮ ಮನೆಯ ಜಾಲಿನ ತುಂಬ ಅಡಿಕೆ ಒಣಗಲು ಹರಡಿತ್ತು. ಒಂದು ಬದಿಯದನ್ನು ಗುಡಿಸಿ ರಾಶಿ ಮಾಡಿ, ಅಲ್ಲಿ ಚಾಪೆ ಹಾಸಿ, ಗ್ಯಾಸ್‌ಲೈಟು ತೂಗುಹಾಕಿದ್ದರು. ಊರಿಗೆ ಬಂದಿದ್ದ ವಿದ್ವಾಂಸರೊಬ್ಬರ ಉಪನ್ಯಾಸ. ಛಾಂದೋಗ್ಯದ ಆರನೆಯ ಅಧ್ಯಾಯ. ಹನ್ನೆರಡು ವರ್ಷ ಗುರುಕುಲದಲ್ಲಿ ಓದಿ, ತನಗೆ ಎಲ್ಲ ಗೊತ್ತಾಯಿತೆಂದು ಬೀಗಿಕೊಂಡು ಬಂದ ಶ್ವೇತಕೇತು. ಅವನ ಅಪ್ಪ ಉದ್ದಾಲಕ ಆರುಣಿ ಆಲದ ಹಣ್ಣು ತರಿಸುತ್ತಾನೆ, ಒಡೆಸುತ್ತಾನೆ, ಒಳಗಿನ ಕಿರುಬೀಜವನ್ನೂ ಒಡೆಸುತ್ತಾನೆ, ಏನು ಕಾಣುತ್ತದೆ ಎಂದು ಕೇಳುತ್ತಾನೆ. ಏನೂ ಇಲ್ಲ. ನೀರಿಗೆ ಉಪ್ಪು ಹಾಕಿಸಿ, ಮಾರನೆಯ ದಿನ ಉಪ್ಪನ್ನು ವಾಪಸು ಕೊಡು ಎನ್ನುತ್ತಾನೆ. ಹೀಗೆ ಒಂದೊಂದು ದೃಷ್ಟಾಂತ ಮುಗಿದಾಗಲೂ ಅದೇ ಮಾತು, ಒಟ್ಟು ಒಂಬತ್ತು ಸಲ: ತತ್ತ್ವಮಸಿ. ವಿದ್ವಾಂಸರು ಅದನ್ನು ಮಕ್ಕಳಿಗೂ ತಿಳಿಯುವ ಹಾಗೆ ಬಿಡಿಸಿದರು. ತತ್ ಎಂದರೆ ಅದು. ತ್ವಂ ಎಂದರೆ ನೀನು. ಅಸಿ ಎಂದರೆ ಆಗಿದ್ದೀಯೆ. ‘ಅದು ನೀನೇ!’ ಎಂದು ಬೆರಳು ತೋರಿಸಿದಾಗ ಗ್ಯಾಸ್‌ಲೈಟಿನ ಬೆಳಕಿಗೆ ಅವರ ಕೈಯ ನೆರಳು ಚಾವಡಿಯ ಗೋಡೆಗೆ ಬಿತ್ತು.

ಹೆಂಗಸರು ಚಾವಡಿಯ ಬಾಗಿಲ ಹಿಂದೆ. ಅಜ್ಜಿ ಅಲ್ಲಿ ಹತ್ತಿಯ ಬತ್ತಿ ಹೊಸೆಯುತ್ತ ಕೂತಿತ್ತು. ಬೋಳಿಸಿದ ತಲೆ, ಅದರ ಮೇಲೆ ಕೆಂಪು ಸೀರೆಯ ಸೆರಗು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಬಂದ ವೇಷ ಅದು, ಆಮೇಲೆ ಬದಲಾಗಲಿಲ್ಲ. ಅಕ್ಷರ ಬರುತ್ತಿರಲಿಲ್ಲ. ಕಿವಿ ಮಾತ್ರ ಚುರುಕು.

ಬಂದವರೆಲ್ಲ ಕಷಾಯ ಕುಡಿದು ಸೂಟೆ ಬೀಸುತ್ತ ಹೋದ ಮೇಲೆ ಅಜ್ಜಿ ನನ್ನ ಅಪ್ಪನನ್ನು ಕೇಳಿತು: “ಅದು ಆರು?”

ಈ ಕತೆಯನ್ನು ಮೈಸೂರಿನ ಗೆಳತಿಗೆ ಹೇಳಿದಾಗ ಅವಳು, “ಅದು ಆರಾದರೆ ಇದು ಏಳು” ಎಂದು ನಕ್ಕಳು. ನಮ್ಮಲ್ಲಿ ಆರು ಎಂದರೆ ಯಾರು. ಅಷ್ಟು ಹೇಳಿದರೂ ಅವಳಿಗೆ ತಿಳಿಯಲಿಲ್ಲ. ‘ಅದು’ ಎಂದ ಮೇಲೆ ‘ಯಾವುದು’ ಎಂದಲ್ಲವೇ ಕೇಳಬೇಕು, ‘ಯಾರು’ ಹೇಗೆ ಬಂತು?

ಇಲ್ಲಿ ಸ್ವಲ್ಪ ವ್ಯಾಕರಣ ಹೇಳಲೇಬೇಕು. ದಕ್ಷಿಣ ಕನ್ನಡದ ನಮ್ಮ ಹವ್ಯಕ ಕನ್ನಡದಲ್ಲಿ ಒಬ್ಬ ಹೆಂಗಸಿಗೆ ‘ಅವಳು’ ಎಂಬುದಿಲ್ಲ, ‘ಅದು’. ಗಂಡಸಿಗೆ ‘ಅವ’. ಅಬ್ಬೆ ಅಡಿಗೆ ಒಳ ‘ಇದ್ದು’, ಅಕ್ಕ ‘ಬಂತು’, ಅಣ್ಣ ಮಾತ್ರ ‘ಬಂದ’. ಶಿಷ್ಟ ಕನ್ನಡದಲ್ಲಿ ಮಗು ‘ಅತ್ತಿತು’ ಎನ್ನುವುದಿಲ್ಲವೇ? ಅದರಿಂದ ಮಗುವಿಗೆ ಅವಮಾನವಾಯಿತೆಂದು ಯಾರಿಗೂ ಅನಿಸುವುದಿಲ್ಲ. ಹಾಗೆಯೇ ಇದು. ಐದನೆಯ ತರಗತಿಯ ಪ್ರಬಂಧದಲ್ಲಿ ನಾನು ‘ನನ್ನ ತಾಯಿ ಬಂತು’ ಎಂದು ಬರೆದೆ. ಘಟ್ಟದ ಮೇಲಿಂದ ಬಂದ ಮೇಷ್ಟರು ಅದನ್ನು ಇಡೀ ತರಗತಿಗೆ ಓದಿ ಹೇಳಿ, “ಬಂತು ಅನ್ನಲು ನಿನ್ನ ತಾಯಿ ಏನು ಬಸ್ಸೇ?” ಎಂದರು. ಎಲ್ಲರೂ ನಕ್ಕರು, ಹವ್ಯಕರ ಮನೆಯ ಉಳಿದ ಮೂರು ಮಕ್ಕಳೂ. ಮನೆಗೆ ಬಂದವಳು ಪಣತೊಟ್ಟವಳಂತೆ ಅಬ್ಬೆಯ ಎದುರಿಗೇ ‘ಅಬ್ಬೆ ಬಂದಳು’ ಎಂದೆ. ಅಬ್ಬೆ ಮುಖ ಊದಿಸಿತು. ಅದರ ಕಿವಿಗೆ ‘ಬಂದಳು’ ಎಂಬುದು ಪುರಾಣದ ರಕ್ಕಸಿ ಬಂದ ಹಾಗೆ, ಇಲ್ಲವೇ ಯಾರೋ ಜಗಳಕ್ಕೆ ನಿಂತ ಹಾಗೆ ಕೇಳಿಸಿತ್ತು.

ಎಷ್ಟೋ ವರ್ಷದ ಮೇಲೆ ಸಹೋದ್ಯೋಗಿಯೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಹೆಣ್ಣನ್ನು ಕಲ್ಲು, ಕುರ್ಚಿಗಳ ಸಾಲಿಗೆ ಹಾಕಿದ ಭಾಷೆ ನಿಮ್ಮದು, ಅದಕ್ಕೇ ನಿಮ್ಮವರು ವಿಧವೆಯ ತಲೆ ಬೋಳಿಸಿದ್ದು ಎಂದರು. ತಲೆ ಬೋಳಿಸಿದ್ದು ಸುಳ್ಳಲ್ಲ. ಆದರೆ ‘ಅವಳು’ ಎನ್ನುವ ಊರುಗಳಲ್ಲೂ ಬೋಳಿಸಿದರು. ತೆಲುಗಿನಲ್ಲಿ ಏಕವಚನದಲ್ಲಿ ತಾಯಿ ಬಂದರೂ ಬಸ್ಸು ಬಂದರೂ ಕ್ರಿಯಾಪದ ಒಂದೇ, ‘ವಚ್ಚಿಂದಿ’. ತೆಲುಗಿನ ತಾಯಂದಿರು ಅದರಿಂದ ಬಸ್ಸಾಗಲಿಲ್ಲ. ಭಾಷೆ ಬುದ್ಧಿಗೆ ಬೇಲಿ ಎಂದು ಹೇಳುವವರು ಸಾಮಾನ್ಯವಾಗಿ ಪಕ್ಕದ ಮನೆಯ ಬೇಲಿಯನ್ನೇ ತೋರಿಸುತ್ತಾರೆ.

ಹಾಗಂತ ಬೇಲಿಯೇ ಇಲ್ಲವೆಂದೂ ಹೇಳಲಾರೆ. ಆ ರಾತ್ರಿ ಅಜ್ಜಿ ಕೇಳಿದ್ದು ಬೇಲಿಯ ಪ್ರಶ್ನೆಯನ್ನೇ.

ಅಪ್ಪ ಹೇಳಿದ: “ಅದು ಹೇಳಿರೆ ಬ್ರಹ್ಮ, ಅಬ್ಬೆ.”

ಅಜ್ಜಿ ಬಿಡಲಿಲ್ಲ. “ಬ್ರಹ್ಮ ಆದರೆ ‘ಅವ’ ಹೇಳೆಕ್ಕಲ್ಲದಾ?”

ಬ್ರಹ್ಮ ಗಂಡಸು, ನಾಲ್ಕು ತಲೆ, ಗಡ್ಡ. ಅವನಿಗೆ ‘ಅವ’ ಎನ್ನಬೇಕು. ಅಪ್ಪ ತಾಳ್ಮೆಯಿಂದ, ಇದು ಆ ಬ್ರಹ್ಮನಲ್ಲ, ಈ ಬ್ರಹ್ಮ ಬೇರೆ, ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದ. ಸಂಸ್ಕೃತದಲ್ಲಿ ಈ ಎರಡು ಬ್ರಹ್ಮಗಳಿಗೆ ಲಿಂಗವೇ ಬೇರೆ: ಸೃಷ್ಟಿಕರ್ತ ಪುಲ್ಲಿಂಗ, ಪರಬ್ರಹ್ಮ ನಪುಂಸಕಲಿಂಗ, ರೂಪವೂ ಬೇರೆಯಾಗುತ್ತದೆ. ಕನ್ನಡಕ್ಕೆ ಬರುವಾಗ ಎರಡೂ ಒಂದೇ ಅಂಗಿ ತೊಟ್ಟು ಬಂದವು. ಅಜ್ಜಿ ಎರಡು ಬತ್ತಿ ಹೊಸೆಯುವಷ್ಟು ಹೊತ್ತು ಸುಮ್ಮನಿತ್ತು. ಗಂಡಲ್ಲ ಎಂಬುದು ಅದಕ್ಕೆ ಒಪ್ಪಿಗೆಯಾಯಿತು. ಹೆಣ್ಣೂ ಅಲ್ಲ ಎಂಬುದು ಕಿವಿಗೆ ಹೋಗಲೇ ಇಲ್ಲ. ಅದರ ಭಾಷೆಯಲ್ಲಿ, ಮಾತಾಡುವವರ ನಡುವೆ ‘ಅದು’ ಎಂದು ಒಬ್ಬರ ಕಡೆ ಬೆರಳು ಮಾಡಿದರೆ ಅದು ಒಬ್ಬ ಹೆಂಗಸು. ನಿನಗೆ ಗೊತ್ತಿರುವ, ಈಗ ಎದುರಿಗಿಲ್ಲದ ಹೆಂಗಸು.

“ಎನ್ನ ಅತ್ತೆ ಆಯಿಕ್ಕು” ಎಂದಿತು.

ಅಜ್ಜಿಯ ಅತ್ತೆಯನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ಸೊಸೆ ಉಂಡ ಎಲೆಯಲ್ಲಿ ಎಷ್ಟು ಅನ್ನ ಉಳಿಯಿತೆಂದು ನೋಡಿ, ಮಾರನೆಯ ದಿನ ಅಷ್ಟು ಕಡಿಮೆ ಬಡಿಸುತ್ತಿದ್ದ ಹೆಂಗಸು. ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಗಳಿದ್ದ ಉಗ್ರಾಣಕ್ಕೆ ಸೊಸೆಯನ್ನು ಸಾಯುವ ತನಕ ಬಿಟ್ಟಿರಲಿಲ್ಲ. ಕೈ ತಾಗಿದರೆ ಹಾಳಾಗುತ್ತದೆ ಎಂಬ ಕಾರಣ. ಅದು ತೀರಿಕೊಂಡ ಮೇಲೆ ಉಗ್ರಾಣ ಅಜ್ಜಿಯ ಕೈಗೆ ಬಂತು. ನನ್ನ ಅಬ್ಬೆ ಈ ಮನೆಗೆ ಬಂದು ಹದಿನೈದು ವರ್ಷವಾದರೂ ಅದೇ ಉಗ್ರಾಣದ ಹೊಸಿಲಲ್ಲಿ ನಿಂತು ಬಟ್ಟಲು ಚಾಚುತ್ತಿತ್ತು. ಅಜ್ಜಿ ಒಳಗಿಂದ ಎಣಿಸಿ ಮಿಡಿ ಹಾಕುತ್ತಿತ್ತು. ಕಾರಣ ಕೇಳಿದರೆ ಅದೇ: ಕೈ ತಾಗಿದರೆ ಹಾಳಾಗುತ್ತದೆ.

ಅದು ನೀನೇ.

ಅಪ್ಪ ನಕ್ಕ. ಆ ನಗುವನ್ನು ಅವನು ಎಪ್ಪತ್ತೈದರ ತನಕ ಬಾಳಿಸಿದ. ಬಂದ ನೆಂಟರಿಗೆಲ್ಲ, ನಮ್ಮ ಅಬ್ಬೆಗೆ ಬ್ರಹ್ಮವೆಂದರೆ ಅದರ ಅತ್ತೆ ಎಂದು ಹೇಳಿ ನಗಿಸುತ್ತಿದ್ದ. ಅಜ್ಜಿ ನಗಲಿಲ್ಲ. ಮುಂದಿನ ತಿಂಗಳು ಮಿಡಿ ಬಂದಾಗ, ಉಪ್ಪು ಹಾಕಿ ತಿರುಗಿಸಲು ಅಬ್ಬೆಯನ್ನು ಒಳಗೆ ಕರೆಯಿತು. ಅಬ್ಬೆ ಹೊಸಿಲು ದಾಟಿ ಒಳಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಉಪನ್ಯಾಸಕ್ಕೂ ಇದಕ್ಕೂ ಸಂಬಂಧ ಕಟ್ಟುವುದು ನಾನೇ. ಅಜ್ಜಿಗೆ ಆ ವರ್ಷ ಮಂಡಿನೋವು ಜೋರಿತ್ತು, ಭರಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರಲು ಆಗುತ್ತಿರಲಿಲ್ಲ ಎಂಬುದೂ ನಿಜ.

ನಾನು ಆಮೇಲೆ ಎಂ.ಎ. ಮಾಡಿದೆ, ಬ್ರಹ್ಮ, ಆತ್ಮ, ಮಾಯೆ, ಶೂನ್ಯಗಳ ಬಗ್ಗೆ ನೂರಾರು ಪುಟ ಓದಿದೆ. ಆ ದೊಡ್ಡ ಮಾತುಗಳ ವಿಷಯದಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ. ಮಾತಿಗೆ ಸಿಕ್ಕದ್ದು, ಮನಸ್ಸಿಗೆ ಎಟುಕದ್ದು ಎಂದು ಉಪನಿಷತ್ತುಗಳೇ ಎಚ್ಚರಿಕೆ ಕೊಟ್ಟಿವೆ. ಬಾಗಿಲಲ್ಲೇ ಕಾವಲುಗಾರ ಇದ್ದಾನೆ. ಕಾವಲಿಲ್ಲದೆ ಒಳಗೆ ನುಗ್ಗುವುದು ಚಿಲ್ಲರೆ ಮಾತುಗಳು: ಅದು, ಇದು, ನಾವು, ನಮ್ಮ, ಆಚೆ, ಈಚೆ. ತಿಳುವಳಿಕೆಯ ಮೇರೆ ಎಲ್ಲಿದೆ ಎಂದು ಹುಡುಕುವವರು ‘ಬ್ರಹ್ಮ’ದ ಹತ್ತಿರ ಟಾರ್ಚು ಬಿಡುತ್ತಾರೆ, ಎಡವುವುದು ‘ಅದು’ವಿನ ಹತ್ತಿರ.

ಮೂಡು, ಪಡು, ತೆಂಕು, ಬಡಗು ಇವೂ ಅಂಥ ಚಿಲ್ಲರೆಗಳೇ. ನಮ್ಮ ಕಡೆ ಊರಿಗೂ ಯಕ್ಷಗಾನದ ಆಟಕ್ಕೂ ದಿಕ್ಕಿನ ಹೆಸರು: ಮೂಡುಬಿದಿರೆ, ಪಡುಬಿದ್ರಿ, ತೆಂಕುತಿಟ್ಟು, ಬಡಗುತಿಟ್ಟು. ಅಜ್ಜಿ ಪಂಕ್ತಿಯಲ್ಲಿ ಕೂತವರಿಗೆ, ಚೊಂಬನ್ನು ಸ್ವಲ್ಪ ಮೂಡ ಬದಿಗೆ ಸರಿಸು ಎನ್ನುತ್ತಿತ್ತು. ಎಡ, ಬಲ ಎನ್ನುತ್ತಿದ್ದುದು ಕೈ ಕಾಲುಗಳಿಗೆ ಮಾತ್ರ. ಕತ್ತಲ ಕೋಣೆಯಲ್ಲಿ ನಿಲ್ಲಿಸಿದರೂ ನಮಗೆ ಪಡುವಣ ಯಾವುದೆಂದು ಗೊತ್ತಿರುತ್ತಿತ್ತು. ಗೊತ್ತಿಲ್ಲದಿದ್ದರೆ ನೀರು ಕೊಡು ಎಂದು ಕೇಳುವುದೂ ಕಷ್ಟ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಗುಗು ಯಿಮಿಥಿರ್ ಎಂಬ ಭಾಷೆಯವರು ಎಡಬಲಗಳ ಬದಲು ದಿಕ್ಕುಗಳಲ್ಲೇ ಮಾತಾಡುತ್ತಾರೆಂದು ಭಾಷಾವಿಜ್ಞಾನಿಗಳು ಬಹಳ ಬೆರಗಿನಿಂದ ಬರೆದಿದ್ದಾರೆ. ಕಾಂಗರೂ ಎಂಬ ಹೆಸರು ಲೋಕಕ್ಕೆ ಬಂದದ್ದು ಆ ಭಾಷೆಯಿಂದ. ಓದುವಾಗ ನನಗೆ ಅಜ್ಜಿಯ ಚೊಂಬು ನೆನಪಾಯಿತು. ಮೈಸೂರಿಗೆ ಬಂದು ಎರಡು ವರ್ಷಕ್ಕೆ ನನ್ನ ದಿಕ್ಕು ತಪ್ಪಿತು. ಇಲ್ಲಿ ಯಾರೂ ಅದನ್ನು ಕೇಳುತ್ತಿರಲಿಲ್ಲ. ಮಾತು ಬೇಡುವುದನ್ನು ಮನಸ್ಸು ಸಿದ್ಧವಾಗಿಟ್ಟುಕೊಳ್ಳುತ್ತದೆ. ಬೇಡದ್ದನ್ನು ಅಟ್ಟಕ್ಕೆ ಹಾಕುತ್ತದೆ. ಅಟ್ಟದಲ್ಲಿರುವುದು ಇಲ್ಲವೆಂದಲ್ಲ, ಇಳಿಸಲು ಏಣಿ ಬೇಕು.

‘ನಾವು’ ಎಂಬ ಇನ್ನೊಂದು ಚಿಲ್ಲರೆ ಇದೆ, ಇದು ನನ್ನನ್ನು ಹೆಚ್ಚು ಕಾಡಿದ್ದು. ಶಿಷ್ಟ ಕನ್ನಡಕ್ಕೆ ಒಂದೇ ‘ನಾವು’. ನಮ್ಮ ಹವ್ಯಕಕ್ಕೆ ಎರಡು. ‘ನಾವು’ ಎಂದರೆ ಕೇಳುತ್ತಿರುವ ನೀನೂ ಸೇರಿ. ‘ಎಂಗೊ’ ಎಂದರೆ ನಿನ್ನನ್ನು ಬಿಟ್ಟು. ‘ನಾವು ಹೋಪ’ ಎಂದರೆ ನೀನೂ ಚಪ್ಪಲಿ ಹಾಕಿಕೋ ಎಂದರ್ಥ. ತುಳುವಿನಲ್ಲೂ ಹೀಗೆ, ‘ನಮ’ ಬೇರೆ, ‘ಎಂಕುಲು’ ಬೇರೆ. ಇನ್ನು ಪ್ರಾರ್ಥನೆಗೆ ಬನ್ನಿ. ಅಜ್ಜಿ ಸಂಜೆ ದೀಪ ಹಚ್ಚಿ, “ಎಂಗಳ ಕಾಪಾಡು ದೇವರೇ” ಎನ್ನುತ್ತಿತ್ತು. ದೇವರನ್ನು ಬಿಟ್ಟು ಉಳಿದ ನಾವು. ಬೇರೆ ಹೇಗೆ ಹೇಳಲು ಸಾಧ್ಯ? ದೇವರು ತನ್ನನ್ನೇ ಕಾಪಾಡಿಕೊಳ್ಳಲಿ ಎಂದು ಕೇಳಿಕೊಳ್ಳುವುದೇ? ಮನೆಯಲ್ಲಿ ಹೇಳುವುದು ಅದ್ವೈತ. ದೀಪದ ಎದುರು ವ್ಯಾಕರಣ ನಮ್ಮನ್ನು ದಿನವೂ ದ್ವೈತಿಗಳನ್ನಾಗಿ ಮಾಡುತ್ತಿತ್ತು.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರಿಗೂ ಈ ಗಂಟು ಎದುರಾಗಿರಲೇಬೇಕು. ಕ್ರೈಸ್ತರ ಮುಖ್ಯ ಪ್ರಾರ್ಥನೆ ಶುರುವಾಗುವುದೇ ‘ನಮ್ಮ ತಂದೆ’ ಎಂಬ ಸಂಬೋಧನೆಯಿಂದ. ಜರ್ಮನ್ ಭಾಷೆಯಲ್ಲಿ ಒಂದೇ ‘ನಮ್ಮ’. ತುಳುವಿನಲ್ಲಿ ಬಾಯಿ ತೆರೆಯುವ ಮೊದಲೇ ತೀರ್ಮಾನಿಸಬೇಕು. ‘ನಮ’ದಿಂದ ಹೇಳಿದರೆ ಎದುರಿಗಿರುವ ತಂದೆಯೂ ಆ ತಂದೆಯ ಮಕ್ಕಳ ಸಾಲಿಗೆ ಬಂದು ನಿಲ್ಲುತ್ತಾನೆ. ‘ಎಂಕುಲು’ವಿನಿಂದ ಹೇಳಿದರೆ ಅವನನ್ನು ಹೊರಗಿಟ್ಟಂತೆ. ಮೂಲದಲ್ಲಿ ಯಾರೂ ಕೇಳದ ಪ್ರಶ್ನೆಗೆ ಅನುವಾದದಲ್ಲಿ ಉತ್ತರ ಕೊಡಬೇಕು. ಈ ಮಿಶನ್ನಿನ ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣ ಬರೆದರು, ಮ್ಯಾನರ್ 1886ರಲ್ಲಿ ನಿಘಂಟು ತಂದರು. ಹಾಗೆ ಕೂತು ತುಳುವಿನ ಒಂದೊಂದು ಸರ್ವನಾಮವನ್ನೂ ಎಣಿಸಿದವರಿಗೆ ದೇವರ ವಿಷಯದಲ್ಲಿ ತಾವು ಎಂದೂ ಯೋಚಿಸದಿದ್ದದ್ದು ಏನಾದರೂ ಹೊಳೆದಿರದೆ ಇರುತ್ತದೆಯೇ?

ಶಂಕರರ ಹೆಸರಿನಲ್ಲಿರುವ ಷಟ್ಪದೀ ಸ್ತೋತ್ರದಲ್ಲಿ ಈ ಗಂಟಿನ ಸುಳಿವಿದೆ. ಭೇದವೆಲ್ಲ ಅಳಿದ ಮೇಲೂ ನಾನು ನಿನ್ನವನು, ನೀನು ನನ್ನವನಲ್ಲ; ಅಲೆ ಸಮುದ್ರದ್ದು, ಸಮುದ್ರ ಅಲೆಯದ್ದಲ್ಲ ಎಂಬ ಭಾವ. ತತ್ತ್ವವಾಗಿ ನೋಡಿದರೆ ಇದು ಇಕ್ಕಟ್ಟು. ಷಷ್ಠೀ ವಿಭಕ್ತಿಯಾಗಿ ನೋಡಿದರೆ ಎಷ್ಟು ನಾಜೂಕು!

ದೊಡ್ಡ ಮಾತುಗಳೂ ಊರಿನ ಮಣ್ಣು ಮೆತ್ತಿಕೊಂಡೇ ಬರುತ್ತವೆ. ಮಾನಸಗಂಗೋತ್ರಿಯಲ್ಲಿ ನಮಗೆ ಅಲ್ಲಮನ ವಚನ ಪಾಠ ಮಾಡಿದ ಮೇಷ್ಟರು ವಿಜಾಪುರದ ಕಡೆಯವರು. ‘ಬಯಲು’ ಎನ್ನುವಾಗ ಎರಡು ಕೈಯನ್ನೂ ಅಗಲಿಸಿ ಕಿಟಕಿಯಾಚೆ ನೋಡುತ್ತಿದ್ದರು. ಅವರ ಕಣ್ಣಲ್ಲಿ ಮರವಿಲ್ಲದ, ಗುಡ್ಡವಿಲ್ಲದ, ಆಕಾಶಕ್ಕೇ ಹೋಗಿ ಮುಟ್ಟುವ ಎರೆನೆಲ. ನಾನು ಬರೆದುಕೊಳ್ಳುತ್ತಿದ್ದೆ: ಬಯಲು, ಶೂನ್ಯ, ನಿರಾಕಾರ. ಆದರೆ ನನ್ನ ತಲೆಯೊಳಗೆ ಬರುತ್ತಿದ್ದುದು ನಮ್ಮ ಬೈಲು. ತುಳುನಾಡಿನಲ್ಲಿ ಗದ್ದೆ ಮೂರು ತರ, ಎತ್ತರದ್ದು ಬೆಟ್ಟು, ನಡುವಿನದು ಮಜಲು, ತೀರ ತಗ್ಗಿನದು ಬೈಲು. ಬೆಟ್ಟುಗದ್ದೆಗೆ ಮಳೆಯೇ ಗತಿ. ಬೈಲಿಗೆ ತೋಡಿನ ನೀರು ಹರಿದು ಬರುತ್ತದೆ, ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯೂ ಬರಬಹುದು. ಕಪ್ಪೆ, ಏಡಿ, ಮೊಣಕಾಲ ತನಕ ಕೆಸರು, ನೇಜಿ ನೆಡುವವರ ಪಾಡ್ದನ. ಊರಲ್ಲಿ ಅದಕ್ಕಿಂತ ತುಂಬಿದ ಜಾಗ ಇನ್ನೊಂದಿಲ್ಲ. ‘ಬಯಲಾಗು’ ಎಂದು ಮೇಷ್ಟರು ವಿವರಿಸುವಾಗ ನಾನು ಕೆಸರಿಗೆ ಇಳಿಯುತ್ತಿದ್ದೆ.

ಬಹಳ ವರ್ಷ ಇದನ್ನು ನನ್ನ ಕೊರತೆ ಎಂದುಕೊಂಡು ಯಾರಿಗೂ ಹೇಳದೆ ಇದ್ದೆ. ಪಾಠ ಮಾಡುವಾಗ ನಾನೂ ಕೈ ಅಗಲಿಸಿ ಕಿಟಕಿಯಾಚೆ ನೋಡುತ್ತಿದ್ದೆ, ಕಳ್ಳಿ. ಆಮೇಲೆ ಒಂದು ದಿನ ಯೋಚನೆ ಬಂತು. ಹದಿನೈದನೆಯ ಶತಮಾನದ ಶಿವಶರಣರು ಅಲ್ಲಮನ ಸುತ್ತ ವಚನಗಳನ್ನು ಸಂವಾದವಾಗಿ ಹೆಣೆದಾಗ ಆ ಗ್ರಂಥಕ್ಕೆ ‘ಶೂನ್ಯಸಂಪಾದನೆ’ ಎಂದಲ್ಲವೇ ಹೆಸರಿಟ್ಟದ್ದು? ಬರಿದಾದದ್ದನ್ನು ಯಾರಾದರೂ ಸಂಪಾದಿಸುತ್ತಾರೆಯೇ? ಮೇಷ್ಟರ ಎರೆನೆಲಕ್ಕಿಂತ ನನ್ನ ಕೆಸರು ಅಲ್ಲಮನಿಗೆ ಹತ್ತಿರ ಎಂದು ವಾದಿಸಲಾರೆ. ದೂರ ಎಂದೂ ಒಪ್ಪಲಾರೆ.

ಮಾತಿಲ್ಲದೆ ತಿಳುವಳಿಕೆಯೇ ಇಲ್ಲ, ಲೋಕದ ಯಾವ ಅರಿವೂ ಶಬ್ದ ಬೆನ್ನು ಹತ್ತದೆ ಬರುವುದಿಲ್ಲ ಎಂದವನು ‘ವಾಕ್ಯಪದೀಯ’ದ ಭರ್ತೃಹರಿ, ಸುಮಾರು ಐದನೆಯ ಶತಮಾನದವನು. ಇದನ್ನು ಓದಿದಾಗ ನಾನು ಅಜ್ಜಿಯ ಪರವಾಗಿ ಅವನ ಜೊತೆ ಜಗಳಕ್ಕೆ ಹೋದೆ. ಚಾಲಿ ಅಡಿಕೆ ಒಣಗಲು ನಲವತ್ತು ದಿನದ ಮೇಲೆ ಬೇಕು. ಒಣಗಿತೋ ಇಲ್ಲವೋ ಎಂದು ತಿಳಿಯಲು ಅಜ್ಜಿ ಒಂದು ಕಾಯಿ ಹೆಕ್ಕಿ ಕಿವಿಯ ಹತ್ತಿರ ಕುಲುಕುತ್ತಿತ್ತು. ಸಿಪ್ಪೆಯೊಳಗೆ ಅಡಿಕೆ ಬಿಟ್ಟುಕೊಂಡಿದ್ದರೆ ಸದ್ದು ಬರುತ್ತದೆ. ಆದರೆ ಸದ್ದು ಬಂದದ್ದೆಲ್ಲ ಆದದ್ದಲ್ಲ. ಆ ಸದ್ದಿನಲ್ಲೇ ಇನ್ನೂ ಎರಡು ಬಿಸಿಲು ಬೇಕಾದದ್ದು, ನಾಲ್ಕು ಬೇಕಾದದ್ದು, ಒಳಗೆ ಹುಳುಕಾದದ್ದು ಎಲ್ಲ ಅದಕ್ಕೆ ತಿಳಿಯುತ್ತಿತ್ತು. ಹೇಗೆ ಎಂದು ಕೇಳಿದರೆ ಹೇಳಲು ಬಾರದು. ಕಾಯಿಯನ್ನು ನನ್ನ ಕಿವಿಗೆ ಹಿಡಿದು “ಕೇಳು” ಎನ್ನುತ್ತಿತ್ತು, ಅಷ್ಟೆ. ಇದಕ್ಕೆ ಯಾವ ಶಬ್ದವಯ್ಯಾ ಬೆನ್ನು ಹತ್ತಿದೆ ಎಂದು ನಾನು ಕೇಳಿದೆ. ಭರ್ತೃಹರಿ ಸುಲಭಕ್ಕೆ ಸೋಲುವವನಲ್ಲ. ಮಾತು ಬಾರದ ಮಗುವಿನಲ್ಲೂ ಹಿಂದಿನ ಜನ್ಮಗಳ ಶಬ್ದಸಂಸ್ಕಾರ ಇರುತ್ತದೆ ಎನ್ನುವವನು. ಅಜ್ಜಿ ‘ಆಯಿದು’, ‘ಆಯಿದಿಲ್ಲೆ’ ಎಂದು ಎರಡು ರಾಶಿ ಮಾಡಿತಲ್ಲ, ಆ ಎರಡು ರಾಶಿಯೇ ಮಾತು ಎಂದಾನು. ಆಗಬಹುದು. ಆದರೆ ನನಗೆ ಅಜ್ಜಿ ‘ಆಯಿದು’ ಎಂಬ ಮಾತನ್ನೇನೋ ಕೊಟ್ಟಿತು. ಅದರ ಕಿವಿ ಬರಲಿಲ್ಲ. ಈಗಲೂ ನನಗೆ ಎಲ್ಲ ಅಡಿಕೆಯೂ ಒಂದೇ ಸದ್ದು.

ನಿವೃತ್ತಳಾದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ಪ್ಯಾಟ್ರಿಕ್ ಒಲಿವೆಲ್ ಅವರ ಉಪನಿಷತ್ತುಗಳ ಇಂಗ್ಲಿಷ್ ಅನುವಾದ ತಂದುಕೊಟ್ಟ. ಛಾಂದೋಗ್ಯದ ಆರನೆಯ ಅಧ್ಯಾಯ ತೆರೆದು ನೋಡಿದರೆ, ಆ ಒಂಬತ್ತು ಕಡೆಯೂ ‘ಅದು ನೀನೇ’ ಎಂದು ಇರಲಿಲ್ಲ. ‘ನೀನಿರುವುದು ಹಾಗೆ’ ಎಂಬ ಅರ್ಥ ಇತ್ತು. ಅಮೆರಿಕದ ವಿದ್ವಾಂಸ ಜೋಯೆಲ್ ಬ್ರೆರೆಟನ್ 1986ರಲ್ಲಿ ಮಂಡಿಸಿದ ವಾದವನ್ನು ಒಲಿವೆಲ್ ಒಪ್ಪಿದ್ದಾರೆ. ವಾದದ ತಿರುಳು ಇಷ್ಟು: ಶ್ವೇತಕೇತು ಗಂಡು. ‘ಅದು ನೀನು’ ಎಂದು ಸಮೀಕರಿಸುವುದೇ ಆಗಿದ್ದರೆ ಆ ಕಾಲದ ಗದ್ಯದ ವಾಡಿಕೆಯಂತೆ ನಪುಂಸಕದ ‘ತತ್’ ಬದಲು ಪುಲ್ಲಿಂಗದ ‘ಸಃ’ ಬರಬೇಕಿತ್ತು. ಬಂದಿಲ್ಲ. ಹಾಗಾಗಿ ಅಲ್ಲಿ ‘ತತ್’ ಎಂಬುದು ವಸ್ತುವನ್ನಲ್ಲ, ಬಗೆಯನ್ನು ಹೇಳುತ್ತದೆ.

ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ‘ಅವ’ ಹೇಳೆಕ್ಕಲ್ಲದಾ?

ಅಜ್ಜಿ ತೀರಿಕೊಂಡದ್ದು 1979ರಲ್ಲಿ. ಬ್ರೆರೆಟನ್ ಅವರಿಗಿಂತ ಹದಿನೆಂಟು ವರ್ಷ ಮುಂಚೆ, ವಿಟ್ಲದ ಚಾವಡಿಯಲ್ಲಿ ಬತ್ತಿ ಹೊಸೆಯುತ್ತ ಅದು ಲಿಂಗವನ್ನು ಹಿಡಿದು ಕೇಳಿತ್ತು. ಅಂಕಿ ಕೊಡಬೇಕೆಂದರೆ ಅಜ್ಜಿಗೆ ಪ್ರಶ್ನೆಗೆ ಪೂರ್ತಿ, ಉತ್ತರಕ್ಕೆ ಸೊನ್ನೆ. ಅಥವಾ ಉತ್ತರಕ್ಕೂ ಪೂರ್ತಿ. ಯಾವ ಮೌಲ್ಯಮಾಪಕರೆಂಬುದನ್ನು ಅವಲಂಬಿಸಿದೆ. ಅದ್ವೈತಿಗಳು ಇದಕ್ಕೆಲ್ಲ ಬೆಚ್ಚುವವರಲ್ಲ. ‘ಆ ದೇವದತ್ತನೇ ಈ ದೇವದತ್ತ’ ಎನ್ನುವಾಗ ಅಂದಿನ ಊರು, ಇಂದಿನ ಊರು, ಅಂದಿನ ಪ್ರಾಯ, ಇಂದಿನ ಪ್ರಾಯ ಎಲ್ಲ ಕಳಚಿ ಆಳನ್ನು ಮಾತ್ರ ಉಳಿಸಿಕೊಳ್ಳುವ ಹಾಗೆ, ಇಲ್ಲೂ ಪದಗಳ ಅರ್ಥದಲ್ಲಿ ಹೊಂದದ್ದನ್ನು ಬಿಟ್ಟು ಹೊಂದುವುದನ್ನು ಹಿಡಿಯಬೇಕು ಎನ್ನುತ್ತಾರೆ. ಅಜ್ಜಿ ಮಾಡಿದ್ದೂ ಅದನ್ನೇ ಅಲ್ಲವೇ? ಅತ್ತೆಯ ಹೆಸರು, ಮುಖ, ಸತ್ತ ವರ್ಷ ಎಲ್ಲ ಬಿಟ್ಟು, ಉಗ್ರಾಣದ ಹೊಸಿಲನ್ನು ಉಳಿಸಿಕೊಂಡಿತು.

ಇನ್ನೊಂದು ಓದೂ ಇದೆ. ಅದು ಹುಟ್ಟಿದ್ದು ನಮ್ಮ ಜಿಲ್ಲೆಯ ನೆರೆಯಲ್ಲೇ. ಉಡುಪಿ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಆ ವಾಕ್ಯವನ್ನು ಬೇರೆ ಕಡೆ ಕತ್ತರಿಸಿದರು. ‘ತತ್ತ್ವಮಸಿ’ಯ ಹಿಂದಿನ ಪದ ‘ಆತ್ಮಾ’. ಎರಡನ್ನೂ ಸೇರಿಸಿ ಹೇಳಿದರೆ ‘ಆತ್ಮಾತತ್ತ್ವಮಸಿ’. ವಿದ್ಯಾ ಮತ್ತು ಅಭ್ಯಾಸ ಸೇರಿದರೆ ವಿದ್ಯಾಭ್ಯಾಸ. ಸವರ್ಣದೀರ್ಘ ಸಂಧಿ, ಹೈಸ್ಕೂಲು ಮಕ್ಕಳಿಗೂ ಗೊತ್ತು. ಹಾಗಿದ್ದರೆ ‘ಆತ್ಮಾ’ದ ದೀರ್ಘದೊಳಗೆ ಒಂದು ‘ಅ’ ಅಡಗಿ ಕೂತಿರಬಹುದಲ್ಲ? ಬಿಡಿಸಿ ನೋಡಿದರೆ ‘ಅತತ್ ತ್ವಮ್ ಅಸಿ’: ನೀನು ಅದಲ್ಲ. ದೃಷ್ಟಾಂತಗಳನ್ನೂ ಅವರು ಸಾಕ್ಷಿಗೆ ಕರೆದರು. ದಾರಕ್ಕೆ ಕಟ್ಟಿದ ಹಕ್ಕಿಯೂ ದಾರವೂ ಒಂದೇ ಏನು, ನದಿಯೂ ಸಮುದ್ರವೂ ಒಂದೇ ಏನು? ಕಿವಿಗೆ ಎರಡೂ ಓದು ಒಂದೇ ಸದ್ದು, ಕೂದಲಷ್ಟೂ ವ್ಯತ್ಯಾಸವಿಲ್ಲ. ಒಂದು ಹ್ರಸ್ವ ಅಕಾರ ಇದೆಯೋ ಇಲ್ಲವೋ ಎಂಬಲ್ಲಿ ಎರಡು ಮತಗಳು, ಎರಡು ಬಗೆಯ ಮಠಗಳು, ಹಣೆಯ ಮೇಲೆ ಎರಡು ತರದ ಗುರುತು. ನಮ್ಮ ಮನೆಗೂ ಆಚೆಮನೆಗೂ ನಡುವೆ ಇದ್ದುದು ಒಂದು ತೋಡು ಮತ್ತು ಆ ಒಂದು ‘ಅ’.

ಆಚೆಮನೆಯವರು ಶಿವಳ್ಳಿಯವರು, ಮನೆಮಾತು ತುಳು. ಅಲ್ಲಿಯ ಹಿರಿಯ ಹೆಂಗಸು ಅಜ್ಜಿಗೆ ಆಪ್ತರು. ಉಪನ್ಯಾಸವಾಗಿ ವಾರದ ಮೇಲೆ ಇಬ್ಬರೂ ತೋಡಿನ ಕಟ್ಟದ ಮೇಲೆ ಕೂತಿದ್ದರು, ನಾನು ಕೆಳಗೆ ಏಡಿ ಹುಡುಕುತ್ತಿದ್ದೆ. ಅಜ್ಜಿ ತುಳುವಿನಲ್ಲಿ ತನ್ನ ಕತೆಯನ್ನು ಹೇಳಿತು. ಅವರು ತಲೆಯಾಡಿಸಿ, ನಮ್ಮಲ್ಲಿ ಹಾಗೆ ಓದುವುದಿಲ್ಲ, ನಮ್ಮ ಆಚಾರ್ಯರು ‘ಅವು ನೀನಲ್ಲ’ ಎಂದಿದ್ದಾರೆ ಎಂದರು. ತುಳುವಿನಲ್ಲಿ ‘ಅವು’ ಎಂದರೆ ಅದು, ವಸ್ತು. ನಮ್ಮ ಹವ್ಯಕದಲ್ಲಿ ‘ಅವು’ ಎಂದರೆ ಗೌರವದ ಅವರು. ಎರಡು ಭಾಷೆಯೂ ನೀರು ಕುಡಿದಂತೆ ಬರುತ್ತಿದ್ದ ಅಜ್ಜಿ ಆ ಹೊತ್ತು ಯಾವ ಕಿವಿಯಲ್ಲಿ ಕೇಳಿಸಿಕೊಂಡಿತೋ. ಸ್ವಲ್ಪ ಹೊತ್ತು ನೀರು ನೋಡುತ್ತ ಕೂತಿತು.

“ಅದೂ ಸರಿಯೇ” ಎಂದಿತು ಆಮೇಲೆ. “ನಿಮ್ಮ ಅತ್ತೆ ಒಳ್ಳೆಯವರಿದ್ದರು.”